ಜಿ41 ಬೋರ್ಡು: ಹೊಸ 4 ಜಿಬಿ ರ‍್ಯಾಮ್ ಹಾಕಿದರೆ ಬರೀ ಬೀಪ್, ಗ್ರಾಫಿಕ್ಸ್ ಕಾರ್ಡಲ್ಲಿ ಬೆಳಿಗ್ಗೆ ಹೊತ್ತು ಮಾತ್ರ ಡಿಸ್‌ಪ್ಲೇ ಇಲ್ಲ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಅಪ್ಪನ ಹಳೇ ಡೆಸ್ಕ್‌ಟಾಪ್ ವಿಷಯ. ಕೋರ್ 2 ಡ್ಯುಯೊ ಇ7500, ಜಿ41 ಚಿಪ್‌ಸೆಟ್ ಬೋರ್ಡು, ಡಿಡಿಆರ್3 ಸ್ಲಾಟ್ ಎರಡು. ಒಂದರಲ್ಲಿ 2 ಜಿಬಿ ಇದೆ, ಇನ್ನೊಂದು ಖಾಲಿ. ವಿಂಡೋಸ್ 10, 64 ಬಿಟ್. ಅಪ್ಪ ಇದರಲ್ಲೇ ನುಡಿ ಹಾಕಿಕೊಂಡು ಸಂಘದ ಪತ್ರ, ಲಗ್ನಪತ್ರಿಕೆ ಎಲ್ಲ ಟೈಪ್ ಮಾಡುತ್ತಾರೆ. ಹೊಸದು ಕೊಡಿಸುತ್ತೇನೆ ಅಂದರೆ ಬೇಡವೇ ಬೇಡ ಅನ್ನುತ್ತಾರೆ. ಅದಕ್ಕೇ ಇದನ್ನೇ ಸ್ವಲ್ಪ ಚುರುಕು ಮಾಡೋಣ ಅಂತ 4 ಜಿಬಿ ರ‍್ಯಾಮ್ ಒಂದು, ಸೆಕೆಂಡ್ ಹ್ಯಾಂಡ್ ಜಿಟಿ 710 ಕಾರ್ಡ್ ಒಂದು ತಂದೆ. ಈಗ ತಲೆ ಕೆಟ್ಟಿದೆ.

ರ‍್ಯಾಮ್: ಹೊಸದನ್ನು ಹಾಕಿದರೆ ಉದ್ದದ ಬೀಪ್ ಮತ್ತೆ ಮತ್ತೆ ಬರುತ್ತದೆ, ಪರದೆ ಕಪ್ಪು. ಹಳೆಯದನ್ನು ತೆಗೆದು ಇದೊಂದನ್ನೇ ಹಾಕಿದರೂ ಅಷ್ಟೇ. ಅಂಗಡಿಗೆ ಒಯ್ದರೆ ಅವರು ಒಂದು ಐ3 ಮಷೀನಿಗೆ ಹಾಕಿ ತೋರಿಸಿದರು. ಪೂರ್ತಿ 4 ಜಿಬಿ ಬಂತು! "ನಿಮ್ಮ ಬೋರ್ಡೇ ಹೋಗಿದೆ" ಅಂದರು.

ಕಾರ್ಡ್: ಹಾಕಿದ ದಿನ, ಮಷೀನ್ ಆನ್ ಆದ ಕೂಡಲೇ ಮೊದಲು ಓಡುವ ಬೋರ್ಡಿನ ಪ್ರೋಗ್ರಾಂ ಆದ ಬಯಾಸ್‌ನಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್ ಬದಲಿಸಿದೆ. ರಾತ್ರಿವರೆಗೆ ಚೆನ್ನಾಗಿ ಓಡಿತು, ನಾಲ್ಕೈದು ಸಲ ರೀಸ್ಟಾರ್ಟ್ ಮಾಡಿದರೂ ಬಂತು. ಮರುದಿನ ಬೆಳಿಗ್ಗೆ ಅಪ್ಪ ಆನ್ ಮಾಡಿದರೆ ಕಪ್ಪು ಪರದೆ. ಫ್ಯಾನ್ ತಿರುಗುತ್ತದೆ, ಕೀಬೋರ್ಡಿನ ದೀಪ ಉರಿಯುತ್ತದೆ, ಬೀಪ್ ಏನೂ ಇಲ್ಲ. ಕಾರ್ಡ್ ತೆಗೆದರೆ ಬೋರ್ಡಿನ ವಿಜಿಎಯಲ್ಲಿ ಬರುತ್ತದೆ. ಎರಡು ದಿನ ಇದೇ ಕಥೆ.

ಇನ್ನೊಂದು ಸಣ್ಣದು, ಇದಕ್ಕೆ ಸಂಬಂಧ ಇಲ್ಲ ಅನ್ಸುತ್ತೆ. ಕೆಲವು ತಿಂಗಳಿಂದ ತಾರೀಖು 2009ಕ್ಕೆ ಹೋಗುತ್ತಿದೆ. ಬ್ರೌಸರ್ ಯಾವ ಸೈಟನ್ನೂ ತೆರೆಯಲ್ಲ, ತಾರೀಖು ಸರಿ ಮಾಡಿದ ಮೇಲೆ ತೆರೆಯುತ್ತದೆ.

ಬೋರ್ಡ್ ನಿಜವಾಗಿಯೂ ಹೋಗಿದೆಯಾ?

ಹೊಸಬ_88

ಬಯಾಸ್ ಅಪ್‌ಡೇಟ್ ಮಾಡಿಬಿಡಿ ಬ್ರೋ. ಹಳೇ ಬಯಾಸ್ ಹೊಸ ರ‍್ಯಾಮನ್ನು ಗುರುತಿಸಲ್ಲ. ನನ್ನ ಎಚ್61 ಬೋರ್ಡಿನಲ್ಲೂ ಹಂಗೇ ಆಗಿತ್ತು, ಫ್ಲ್ಯಾಶ್ ಮಾಡಿದ (ಹೊಸ ಬಯಾಸ್ ಬರೆದ) ಮೇಲೆ ಸರಿ ಹೋಯ್ತು.

ಬೆಸುಗೆ

ತುಂಗಾತೀರ ಅವರೇ, ದಯವಿಟ್ಟು ಈಗಲೇ ಫ್ಲ್ಯಾಶ್ ಮಾಡಬೇಡಿ. ಬೋರ್ಡ್ ಹೋಗಿಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತಿದೆ. ಮೂರು ಕೆಲಸ ಮಾಡಿ ಹೇಳಿ.

ಹೊಸ ರ‍್ಯಾಮಿನ ಎರಡೂ ಮುಖ ನೋಡಿ. ಕಪ್ಪು ಚಿಪ್ಪುಗಳು ಒಂದೇ ಕಡೆ ಇವೆಯಾ, ಎರಡೂ ಕಡೆ ಇವೆಯಾ? ಎಷ್ಟಿವೆ ಅಂತ ಎಣಿಸಿ. ಸ್ಟಿಕ್ಕರ್ ಮೇಲೆ 1ಆರ್‌ಎಕ್ಸ್8 ಅಂತಿದೆಯೋ 2ಆರ್‌ಎಕ್ಸ್8 ಅಂತಿದೆಯೋ ಓದಿ. ಮೊದಲ ಅಂಕಿ ಚಿಪ್ಪುಗಳ ಗುಂಪು ಎಷ್ಟು ಅಂತ, ಕೊನೆಯ 8 ಒಂದೊಂದು ಚಿಪ್ಪು ಎಷ್ಟು ಬಿಟ್ ಅಗಲ ಅಂತ.

ನಾಳೆ ಬೆಳಿಗ್ಗೆ ಪರದೆ ಕಪ್ಪಾದಾಗ ಕಾರ್ಡ್ ತೆಗೆಯಬೇಡಿ. ಮಾನಿಟರ್ ಕೇಬಲ್ ಮಾತ್ರ ಬೋರ್ಡಿನ ವಿಜಿಎಗೆ ಚುಚ್ಚಿ ನೋಡಿ.

ಕೊನೆಯದು, ರಾತ್ರಿ ಅಪ್ಪ ಗೋಡೆಯ ಸ್ವಿಚ್ಚನ್ನೂ ಆರಿಸುತ್ತಾರಾ?

ತುಂಗಾತೀರ

ಚಿಪ್ಪುಗಳು ಒಂದೇ ಕಡೆ ಇವೆ ಸರ್, ಒಟ್ಟು 8. ಹಿಂದೆ ಬರೀ ಹಸಿರು ಬೋರ್ಡು. ಸ್ಟಿಕ್ಕರ್‌ನಲ್ಲಿ 4ಜಿಬಿ 1ಆರ್‌ಎಕ್ಸ್8 ಪಿಸಿ3 12800 ಅಂತಿದೆ.

ಗೋಡೆ ಸ್ವಿಚ್ ಆರಿಸದೆ ಅಪ್ಪ ಮಲಗುವುದೇ ಇಲ್ಲ. ಮಳೆಗಾಲದಲ್ಲಂತೂ ಪ್ಲಗ್ಗನ್ನೇ ಕಿತ್ತಿಡುತ್ತಾರೆ, ಸಿಡಿಲಿನ ಭಯ. ಕೇಬಲ್ ಬದಲಿಸಿ ನೋಡುವುದು ಬೆಳಿಗ್ಗೆ ಮಾಡುತ್ತೇನೆ.

ಬೆಸುಗೆ

ರ‍್ಯಾಮಿನ ವಿಷಯ ಅಲ್ಲಿಗೆ ಮುಗಿಯಿತು. ನಿಮ್ಮ ರ‍್ಯಾಮೂ ಚೆನ್ನಾಗಿದೆ, ಬೋರ್ಡೂ ಚೆನ್ನಾಗಿದೆ. ಅವೆರಡೂ ಒಂದಕ್ಕೊಂದು ಕೂಡಲ್ಲ, ಅಷ್ಟೇ.

8 ಚಿಪ್ಪಿನಲ್ಲಿ 4 ಜಿಬಿ ಅಂದರೆ ಒಂದೊಂದು ಚಿಪ್ಪಿನಲ್ಲಿ 512 ಎಂಬಿ, ಅಂದರೆ 4 ಗಿಗಾಬಿಟ್. ಜಿ41 ಓದಬಲ್ಲದ್ದು 2 ಗಿಗಾಬಿಟ್ ಚಿಪ್ಪಿನವರೆಗೆ. ರ‍್ಯಾಮ್ ಚಿಪ್ಪಿನ ಒಳಗೆ ಮಾಹಿತಿ ಸಾಲು ಸಾಲಾಗಿ ಕೂತಿರುತ್ತದೆ. ಯಾವ ಸಾಲು ಬೇಕು ಅಂತ ಹೇಳುವುದಕ್ಕೆ ಚಿಪ್‌ಸೆಟ್‌ನಿಂದ ವಿಳಾಸದ ಗೆರೆಗಳು ಬೇಕು. 8 ಬಿಟ್ ಅಗಲದ 2 ಗಿಗಾಬಿಟ್ ಚಿಪ್ಪಿಗೆ ಇಂಥ 15 ಗೆರೆ ಸಾಕು, ಅದೇ ಥರದ 4 ಗಿಗಾಬಿಟ್ ಚಿಪ್ಪಿಗೆ 16 ಬೇಕು. ಆ ಹದಿನಾರನೆಯದು ಜಿ41ಗೆ ಗೊತ್ತಿಲ್ಲ. ಸಾಮಾನ್ಯವಾಗಿ ಬೂಟೇ ಆಗಲ್ಲ. ನಿಮ್ಮದು ಅದೇ.

ಹಾಗಾದರೆ ಅಂಗಡಿಯ ಐ3ಯಲ್ಲಿ ಯಾಕೆ ಓಡಿತು? ಕೋರ್ 2 ಕಾಲದಲ್ಲಿ ರ‍್ಯಾಮ್ ನೋಡಿಕೊಳ್ಳುವ ಭಾಗ ಪ್ರೊಸೆಸರ್‌ನಲ್ಲಿ ಇರಲಿಲ್ಲ. ಅದು ಚಿಪ್‌ಸೆಟ್‌ನ ನಾರ್ತ್‌ಬ್ರಿಡ್ಜ್ ಅನ್ನುವ ಚಿಪ್ಪಿನಲ್ಲಿತ್ತು. ನಿಮ್ಮ ಬೋರ್ಡಿನಲ್ಲಿ ಪ್ರೊಸೆಸರ್ ಪಕ್ಕ ಒಂದು ಸಣ್ಣ ಹೀಟ್‌ಸಿಂಕ್ ಕೂತಿದೆಯಲ್ಲ, ಅದರ ಕೆಳಗಿರುವುದೇ ಜಿ41. ಸ್ಯಾಂಡಿ ಬ್ರಿಡ್ಜ್ ತಲೆಮಾರಿನ ಐ3 ಬರುವ ಹೊತ್ತಿಗೆ ಆ ಭಾಗ ಪ್ರೊಸೆಸರ್ ಒಳಗೇ ಹೋಯಿತು, 4 ಗಿಗಾಬಿಟ್ ಚಿಪ್ಪನ್ನೂ ಓದಲು ಕಲಿಯಿತು. ಅಂಗಡಿಯವರ ಪರೀಕ್ಷೆ ಸುಳ್ಳಲ್ಲ, ಆದರೆ ನಿಮ್ಮ ಬೋರ್ಡಿನ ಬಗ್ಗೆ ಅದು ಏನೂ ಹೇಳಲ್ಲ.

ಬಯಾಸ್ ಅಪ್‌ಡೇಟ್‌ನಿಂದ ಇದು ಸರಿಹೋಗದೇ ಇರುವುದಕ್ಕೂ ಅದೇ ಕಾರಣ. ಸಿಲಿಕಾನ್‌ನಲ್ಲೇ ಇಲ್ಲದ್ದನ್ನು ಫರ್ಮ್‌ವೇರ್ ತಂದುಕೊಡಲಾರದು. ಹೊಸಬ_88, ನಿಮ್ಮ ಎಚ್61 ಅನುಭವ ನಿಜ ಇರಬಹುದು. ಎಚ್61 ಬಂದದ್ದು 2011ರಲ್ಲಿ. 2012ರಲ್ಲಿ ಐವಿ ಬ್ರಿಡ್ಜ್ ಪ್ರೊಸೆಸರ್‌ಗಳು ಬಂದಾಗ ಹಳೇ ಬಯಾಸ್ ಇದ್ದ ಬೋರ್ಡುಗಳಿಗೆ ಅಪ್‌ಡೇಟ್ ಬೇಕೇ ಬೇಕಾಗಿತ್ತು. ಅಲ್ಲಿ ಬೋರ್ಡಿಗೆ ಶಕ್ತಿ ಇತ್ತು, ಹೊಸ ಪ್ರೊಸೆಸರ್ ಪರಿಚಯ ಮಾತ್ರ ಇರಲಿಲ್ಲ. ಇಲ್ಲಿ ಹಾಗಲ್ಲ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಫ್ಲ್ಯಾಶ್ ಆಗುವಾಗ ಕರೆಂಟ್ ಹೋಗಿ ಸತ್ತ ಬೋರ್ಡುಗಳು ನನ್ನ ಬೆಂಚಿಗೆ ಬಂದಿವೆ. ಎಂಟು ಕಾಲಿನ ಬಯಾಸ್ ಚಿಪ್ಪನ್ನು ಬಿಚ್ಚಿ, ಸಿಎಚ್341ಎ ಅನ್ನುವ ಚಿಪ್ ಬರೆಯುವ ಸಾಧನದಲ್ಲಿ ಮತ್ತೆ ಬರೆದು, ಬೆಸೆದು ಕೊಟ್ಟಿದ್ದೇನೆ. ಎಲ್ಲವೂ ಬದುಕಲಿಲ್ಲ. ಅದರಲ್ಲಿ ಬಹಳಷ್ಟಕ್ಕೆ ಫ್ಲ್ಯಾಶ್ ಬೇಕಾಗಿಯೇ ಇರಲಿಲ್ಲ.

ನಿಮಗೆ ಬೇಕಾದದ್ದು ಎರಡೂ ಕಡೆ 8-8, ಒಟ್ಟು 16 ಚಿಪ್ಪಿರುವ 4 ಜಿಬಿ, 2ಆರ್‌ಎಕ್ಸ್8. 1333ರ ವೇಗದ್ದು ಸಿಕ್ಕರೂ ತಗೊಳ್ಳಿ, ನಿಮ್ಮ ಬೋರ್ಡಿನಲ್ಲಿ ಅದು 1066ರಲ್ಲಿ ಓಡುತ್ತದೆ. ಅಂಥವು ಎರಡು ಹಾಕಿದರೆ 8 ಜಿಬಿ. ಈ ಬೋರ್ಡಿಗೆ ಅದೇ ಕೊನೆ.

ಕೆರೆಏರಿ

ಬೆಸುಗೆ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಇದೇ ತಪ್ಪಿಗೆ ನಾನು ಎರಡು ರ‍್ಯಾಮ್ ವಾಪಸ್ ಮಾಡಿದ್ದೆ. ಅಂಗಡಿಯಲ್ಲಿ "ಜಿ41ಗೆ ಆಗುತ್ತಾ?" ಅಂತ ಕೇಳಬೇಡಿ, ಎಲ್ಲದಕ್ಕೂ ಆಗುತ್ತೆ ಅನ್ನುತ್ತಾರೆ. ಕೈಗೆ ಕೊಡಿ ಅಂತ ಹೇಳಿ ತಿರುಗಿಸಿ ಎಣಿಸಿ. ಬೆಂಗಳೂರಿಗೆ ಬರುವವರಿದ್ದರೆ ಎಸ್‌ಪಿ ರಸ್ತೆಯ ಹಳೇ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ. ಹೀಟ್‌ಸಿಂಕ್ ಕವಚ ಹಾಕಿದ ರ‍್ಯಾಮ್ ಬೇಡ, ಒಳಗೆ ಎಷ್ಟು ಚಿಪ್ಪಿದೆ ಅಂತ ಕಾಣಲ್ಲ.

ತುಂಗಾತೀರ

ಬೆಸುಗೆ ಸರ್, ಬೆಳಿಗ್ಗೆ ಕಪ್ಪು ಪರದೆ ಬಂದ ಕೂಡಲೇ ಕೇಬಲ್ಲನ್ನು ಬೋರ್ಡಿನ ವಿಜಿಎಗೆ ಹಾಕಿದೆ. ಅಲ್ಲಿ ಬರಹ ಕಾಣಿಸಿತು! ಸಿಮಾಸ್ ಚೆಕ್‌ಸಮ್ ಎರರ್, ಡಿಫಾಲ್ಟ್ಸ್ ಲೋಡೆಡ್, ಮುಂದುವರಿಯಲು ಎಫ್1 ಒತ್ತಿ ಅಂತ. ಮಷೀನ್ ಹ್ಯಾಂಗ್ ಆಗಿರಲೇ ಇಲ್ಲ. ಎಫ್1ಗೆ ಕಾಯುತ್ತಾ ಕೂತಿತ್ತು, ನಮಗೆ ಕಾಣಿಸುತ್ತಿರಲಿಲ್ಲ ಅಷ್ಟೇ.

ಬೆಸುಗೆ

ಹಾಗಾದರೆ ನಿಮ್ಮ ಕಾರ್ಡೂ ಚೆನ್ನಾಗಿದೆ. ಸಿಮಾಸ್ ಅಂದರೆ ಬಯಾಸ್ ಸೆಟ್ಟಿಂಗ್ ಉಳಿಯುವ ಜಾಗ, ಅದರಲ್ಲಿದ್ದದ್ದು ಕೆಟ್ಟುಹೋಗಿದೆ ಅಂತ ಆ ಬರಹದ ಅರ್ಥ. ಸಂಬಂಧ ಇಲ್ಲ ಅಂದಿರಲ್ಲ, ಆ 2009ರ ತಾರೀಖೇ ಇದಕ್ಕೆಲ್ಲ ಮೂಲ.

ಬಯಾಸ್‌ನಲ್ಲಿ ನಾವು ಬದಲಿಸುವ ಸೆಟ್ಟಿಂಗ್‌ಗಳೂ ಗಡಿಯಾರವೂ ಉಳಿಯುವುದಕ್ಕೆ ಸದಾ ಸ್ವಲ್ಪ ಕರೆಂಟ್ ಬೇಕು. ಗೋಡೆಯ ಸ್ವಿಚ್ ಆನ್ ಇದ್ದರೆ, ಮಷೀನ್ ಆಫ್ ಆಗಿದ್ದರೂ ಪವರ್ ಸಪ್ಲೈ ಡಬ್ಬಿ, ಅಂದರೆ ಎಸ್‌ಎಂಪಿಎಸ್‌ನಿಂದ 5 ವೋಲ್ಟ್‌ನ ಸ್ಟ್ಯಾಂಡ್‌ಬೈ ಬರುತ್ತಿರುತ್ತದೆ. ಸ್ವಿಚ್ ಆರಿಸಿದ ಮೇಲೆ ಉಳಿಯುವುದು ಆ ಗುಂಡಿ ಬ್ಯಾಟರಿ ಒಂದೇ, ಸಿಆರ್2032. ಅದು ಸೋತಿದೆ. ಅದಕ್ಕೇ ಹಗಲಲ್ಲಿ ರೀಸ್ಟಾರ್ಟ್ ಮಾಡಿದರೆ ಏನೂ ಆಗುವುದಿಲ್ಲ, ರಾತ್ರಿ ಕಳೆದರೆ ಎಲ್ಲ ಮರೆತುಹೋಗುತ್ತದೆ. ನೀವು ಮಾಡಿದ ಡಿಸ್‌ಪ್ಲೇ ಸೆಟ್ಟಿಂಗ್ ಕೂಡ ಹೋಗಿ, ಬೋರ್ಡು ಮೊದಲಿನಂತೆ ತನ್ನದೇ ವಿಜಿಎಗೆ ಚಿತ್ರ ಕಳಿಸುತ್ತದೆ. ಅಪ್ಪ ಪ್ಲಗ್ ಕೀಳುವುದು ತಪ್ಪಲ್ಲ, ಮಲೆನಾಡಿನ ಸಿಡಿಲಿಗೆ ಅದೇ ಸರಿ. ಬ್ಯಾಟರಿ ಬದಲಿಸಿದರೆ ಸಾಕು.

ಪ್ಲಗ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ ಉಳಿದ ಕರೆಂಟ್ ಇಳಿಸಿ. ಬ್ಯಾಟರಿಯ ಪಕ್ಕದ ಕ್ಲಿಪ್ಪನ್ನು ಉಗುರಿನಲ್ಲಿ ಒತ್ತಿದರೆ ಅದು ತಾನೇ ಮೇಲೇಳುತ್ತದೆ. ಬರಹ ಇರುವ ಮುಖ ಮೇಲೆ ಬರುವಂತೆ ಹೊಸದನ್ನು ಕೂರಿಸಿ. ಆಮೇಲೆ ಬಯಾಸ್‌ಗೆ ಹೋಗಿ ತಾರೀಖು ಸರಿಮಾಡಿ, ಇನಿಟ್ ಡಿಸ್‌ಪ್ಲೇ ಫಸ್ಟ್ ಅನ್ನುವಲ್ಲಿ ಪಿಇಜಿ ಇಟ್ಟು ಎಫ್10 ಒತ್ತಿ ಸೇವ್ ಮಾಡಿ. ಪಿಇಜಿ ಅಂದರೆ ಉದ್ದದ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ನ ಕಾರ್ಡ್. ಜಿಟಿ 710ಗೆ ಸುಮಾರು 19 ವ್ಯಾಟ್ ಸಾಕು, ಅದು ಸ್ಲಾಟ್‌ನಿಂದಲೇ ಸಿಗುತ್ತದೆ. ಎಸ್‌ಎಂಪಿಎಸ್ ಚಿಂತೆ ಬೇಡ.

ಒಂದು ಮಾತು. ಬ್ಯಾಟರಿಯನ್ನು ಇವತ್ತೇ ಹಾಕಿ, ಎರಡು ರಾತ್ರಿ ನೋಡಿ, ಆಮೇಲೆ ರ‍್ಯಾಮ್ ಮುಟ್ಟಿ. ಎರಡನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ತಿಳಿಯಲ್ಲ.

ಹೊಸಬ_88

ಅರ್ಥ ಆಯ್ತು ಅಣ್ಣ. ನಾನು ಕೇಳದೇ ಫ್ಲ್ಯಾಶ್ ಅಂದುಬಿಟ್ಟೆ. ತುಂಗಾತೀರ ಅವರೇ, ಸಾರಿ.

ತುಂಗಾತೀರ

ಎಂಟು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಹಳೇ ಬ್ಯಾಟರಿಯನ್ನು ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಹತ್ತಿರ ಅಳೆಸಿದೆ. 3 ವೋಲ್ಟ್ ಇರಬೇಕಾದ್ದು 2.31 ತೋರಿಸಿತು. ಹೊಸದು ಹಾಕಿದೆ. ಅಪ್ಪ ಪ್ಲಗ್ ಕಿತ್ತೇ ಮಲಗಿದರು. ಬೆಳಿಗ್ಗೆ ಕಾರ್ಡಿನಿಂದಲೇ ಡಿಸ್‌ಪ್ಲೇ ಬಂತು, ತಾರೀಖೂ ಸರಿಯಿತ್ತು. ಎರಡನೇ ದಿನವೂ ಹಾಗೇ.

ಆಮೇಲೆ ರ‍್ಯಾಮ್. ಅಂಗಡಿಯವರು ಬದಲಿಸಿ ಕೊಡಲು ಒಪ್ಪಲಿಲ್ಲ. ಬೆಂಗಳೂರಿನಲ್ಲಿರುವ ತಮ್ಮನಿಗೆ ಚಿಪ್ಪು ಎಣಿಸುವುದು ಹೇಗೆ ಅಂತ ಫೋನಲ್ಲಿ ಹೇಳಿದೆ, ಅವನು 16 ಚಿಪ್ಪಿನವು ಎರಡು ಕಳಿಸಿದ. ಮೊದಲನೆಯದು ಹಾಕಿದ ತಕ್ಷಣ ಬಂತು. ಎರಡನೆಯದು ಹಾಕಿದರೆ ಮತ್ತೆ ಅದೇ ಉದ್ದದ ಬೀಪ್. ಎದೆ ಧಸಕ್ ಅಂತು ಸರ್.

ಬೆಸುಗೆ

ಎರಡನೆಯದನ್ನು ಮೊದಲನೇ ಸ್ಲಾಟ್‌ಗೆ ಒಂದೇ ಹಾಕಿ ನೋಡಿ. ಅಲ್ಲಿ ಬಂದರೆ ರ‍್ಯಾಮ್ ಸರಿಯಿದೆ, ತೊಂದರೆ ಸ್ಲಾಟ್‌ನದು. ಇಷ್ಟು ವರ್ಷ ಖಾಲಿ ಇದ್ದ ಸ್ಲಾಟ್ ಅಲ್ವಾ, ಧೂಳು ಗಟ್ಟಿಯಾಗಿ ಕೂತಿರುತ್ತದೆ. ಒಣ ಬ್ರಷ್‌ನಲ್ಲಿ ಉದ್ದಕ್ಕೂ ಗುಡಿಸಿ. ಬಾಯಲ್ಲಿ ಊದಬೇಡಿ, ಎಂಜಲ ಹನಿ ಬೀಳುತ್ತದೆ. ರ‍್ಯಾಮಿನ ಚಿನ್ನದ ಬಣ್ಣದ ಕಾಲುಗಳನ್ನು ಪೆನ್ಸಿಲ್ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿ, ಪುಡಿಯನ್ನು ಪೂರ್ತಿ ಒರೆಸಿ. ಎರಡೂ ತುದಿಯ ಕ್ಲಿಪ್ ಟಕ್ ಅನ್ನುವವರೆಗೆ ಒತ್ತಬೇಕು. ಬಹಳ ಜನ ಒಂದು ತುದಿ ಕೂತ ಮೇಲೆ ಬಿಟ್ಟುಬಿಡುತ್ತಾರೆ.

ಬಂದ ಮೇಲೆ ಪೆನ್‌ಡ್ರೈವ್‌ನಲ್ಲಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಹಾಕಿ ಒಂದು ರಾತ್ರಿ ಓಡಿಸಿ. ಸೆಕೆಂಡ್ ಹ್ಯಾಂಡ್ ರ‍್ಯಾಮಿಗೆ ಇದು ಬೇಕೇ ಬೇಕು. ಒಂದೇ ಒಂದು ಎರರ್ ಬಂದರೂ ಆ ರ‍್ಯಾಮ್ ಬೇಡ. ಇವತ್ತಲ್ಲ ನಾಳೆ ಅಪ್ಪನ ಫೈಲ್ ಹಾಳಾಗುತ್ತದೆ.

ತುಂಗಾತೀರ

ಸ್ಲಾಟ್ ಒಳಗಿನಿಂದ ಒಂದು ಬೆರಳಷ್ಟು ಉದ್ದದ ಧೂಳಿನ ಎಳೆ ಬಂತು. ರ‍್ಯಾಮ್ ಕೂರಿಸಿದೆ, ಎರಡೂ ಕಡೆ ಟಕ್ ಅಂತು. 8 ಜಿಬಿ ತೋರಿಸಿತು. ಮೆಮ್‌ಟೆಸ್ಟ್ ರಾತ್ರಿಯೆಲ್ಲ ಓಡಿತು, 4 ಪಾಸ್ ಆಗಿದೆ, ಎರರ್ ಸೊನ್ನೆ. ಆ ಒಂದು ರಾತ್ರಿ ಮಾತ್ರ ಸ್ವಿಚ್ ಆರಿಸಬೇಡಿ ಅಂತ ಅಪ್ಪನನ್ನು ಒಪ್ಪಿಸುವುದೇ ಕಷ್ಟವಾಯಿತು.

ಈಗ ಅಪ್ಪ ನುಡಿ, ಬ್ರೌಸರ್ ಎರಡೂ ತೆರೆದಿಟ್ಟುಕೊಂಡು ಟೈಪ್ ಮಾಡುತ್ತಿದ್ದಾರೆ. ನಿಮ್ಮೆಲ್ಲರಿಗೂ ಮನಸಾರೆ ಧನ್ಯವಾದ. ಆ 8 ಚಿಪ್ಪಿನ ರ‍್ಯಾಮ್ ನನ್ನ ಹತ್ತಿರ ಸುಮ್ನೆ ಬಿದ್ದಿದೆ. ಎಚ್61 ಅಥವಾ ಅದಕ್ಕಿಂತ ಹೊಸ ಡಿಡಿಆರ್3 ಬೋರ್ಡ್ ಇರುವ ಯಾರಿಗಾದರೂ ಬೇಕಿದ್ದರೆ ಹೇಳಿ, ಕಳಿಸುತ್ತೇನೆ.

ಹೊಸಬ_88

ನನಗೆ ಬೇಕು. ನನ್ನ ಎಚ್61ನಲ್ಲಿ ಒಂದು ಸ್ಲಾಟ್ ಖಾಲಿ ಇದೆ. ಮೊದಲು ಬ್ರಷ್‌ನಲ್ಲಿ ಗುಡಿಸಿ ಇಟ್ಟುಕೊಳ್ಳುತ್ತೇನೆ.