ಕಾಂಟ್‌ಗೂ ಬೆಂಥಮ್‌ಗೂ ಮುಂಚೆ ಏನಿತ್ತು?

ಕೊನೇಬೆಂಚು:
ನೀತಿಶಾಸ್ತ್ರಕ್ಕಾಗಿ ಕಾಂಟ್, ಬೆಂಥಮ್ ಇಬ್ಬರನ್ನೂ ಓದುತ್ತಿದ್ದೇನೆ. ಕಾಂಟ್ ಕರ್ತವ್ಯ ಅನ್ನುತ್ತಾನೆ, ಬೆಂಥಮ್ ಸುಖದ ಲೆಕ್ಕ ಹಾಕುತ್ತಾನೆ. ನನ್ನ ಹತ್ತಿರ ಇರುವ ಪುಸ್ತಕ ಅರಿಸ್ಟಾಟಲ್ ಮುಗಿಸಿ, ಮಧ್ಯಯುಗವನ್ನು ಎರಡು ಪುಟದಲ್ಲಿ ದಾಟಿ, ನೇರ ಕಾಂಟ್‌ನ ನೀತಿಯ ಪುಸ್ತಕ ಬಂದ 1785ಕ್ಕೆ ಹಾರಿಬಿಡುತ್ತದೆ. ನಡುವೆ ಏನೂ ನಡೆಯಲೇ ಇಲ್ವಾ? ಇವರ ವಿಚಾರಗಳ ಬೇರು ಎಲ್ಲಿದೆ?

ಹಳೇಕಪಾಟು:
ನಿಜವಾದ ಕಥೆ ಇರುವುದೇ ಆ ನಡುವೆ. 1517ರಲ್ಲಿ ಲೂಥರ್ ಎಬ್ಬಿಸಿದ ಗಲಾಟೆಯಿಂದ ಚರ್ಚ್ ಒಡೆಯಿತು, ಆಮೇಲೆ ನೂರು ವರ್ಷಕ್ಕೂ ಜಾಸ್ತಿ ಕಾಲ ಯುರೋಪಿನವರು ಧರ್ಮದ ಹೆಸರಲ್ಲಿ ಒಬ್ಬರನ್ನೊಬ್ಬರು ಕೊಂದುಕೊಂಡರು. ಅಂಥ ಹೊತ್ತಲ್ಲಿ 'ದೇವರು ಹೇಳಿದ್ದೇ ಸರಿ' ಅಂದರೆ ಜಗಳ ಮುಗಿಯುವುದಿಲ್ಲ, ಅಲ್ಲಿಂದಲೇ ಶುರುವಾಗುತ್ತದೆ. ಡಚ್ ಕಾನೂನು ಪಂಡಿತ ಗ್ರೋಷಿಯಸ್ ತನ್ನ ಯುದ್ಧ ಮತ್ತು ಶಾಂತಿಯ ಪುಸ್ತಕ ತಂದಿದ್ದು 1625ರಲ್ಲಿ, ಮೂವತ್ತು ವರ್ಷಗಳ ಯುದ್ಧ ನಡೆಯುತ್ತಿದ್ದಾಗಲೇ. ದೇವರಿಲ್ಲ ಅಂತ ಒಂದು ಕ್ಷಣ ಇಟ್ಟುಕೊಂಡರೂ ಸಹಜ ನ್ಯಾಯಕ್ಕೆ, ಅಂದರೆ ಮನುಷ್ಯ ಸ್ವಭಾವದಿಂದಲೇ ಹುಟ್ಟುವ ಸರಿತಪ್ಪಿನ ನಿಯಮಕ್ಕೆ, ಬಲ ಇದ್ದೇ ಇರುತ್ತದೆ ಅಂದ. (ಹಾಗೆ ಇಟ್ಟುಕೊಳ್ಳುವುದೇ ಘೋರ ಪಾಪ ಅಂತಲೂ ಸೇರಿಸಿದ, ಪುಣ್ಯಾತ್ಮ.) ಇಂಗ್ಲಿಷ್ ಚಿಂತಕ ಹಾಬ್ಸ್ 1651ರಲ್ಲಿ ಇನ್ನೂ ಮುಂದೆ ಹೋದ: ನಾವು ನಿಯಮ ಪಾಲಿಸಬೇಕಾದ್ದು ಬದುಕಿ ಉಳಿಯುವುದಕ್ಕೆ. ಮುಂದಿನ ನೂರು ವರ್ಷ ಎಷ್ಟೋ ಜನ ಬರೆದಿದ್ದು ಹಾಬ್ಸ್ ತಪ್ಪು ಅಂತ ತೋರಿಸೋಕೆ!

ನಿಧಾನಓದು:
ಗ್ರೋಷಿಯಸ್‌ಗೆ ಅಷ್ಟು ಕ್ರೆಡಿಟ್ ಬೇಡ. ದೇವರಿಲ್ಲ ಅಂದುಕೊಂಡರೂ ಅನ್ನುವ ಆ ಮಾತು ಅವನಿಗಿಂತ ಮುಂಚೆಯೇ ಮಧ್ಯಯುಗದ ದೇವತಾಶಾಸ್ತ್ರದ ಪಂಡಿತರಲ್ಲಿ ಇತ್ತು.

ಬೆಂಥಮ್ ವಿಷಯಕ್ಕೆ ಬಂದರೆ, ಹಚೆಸನ್ ಓದಿ. ಗ್ಲಾಸ್ಗೋದಲ್ಲಿ ಆಡಂ ಸ್ಮಿತ್‌ಗೆ ಪಾಠ ಹೇಳಿದವನು. ಅತಿ ಹೆಚ್ಚು ಜನಕ್ಕೆ ಅತಿ ಹೆಚ್ಚು ಸುಖ ಕೊಡುವ ಕೆಲಸವೇ ಒಳ್ಳೆಯದು ಅಂತ 1725ರಲ್ಲೇ ಬರೆದಿದ್ದ, ಬೆಂಥಮ್ ಹುಟ್ಟುವುದಕ್ಕೆ 23 ವರ್ಷ ಮುಂಚೆ. ಆದರೆ ಹಚೆಸನ್ ಪ್ರಕಾರ ಒಳ್ಳೆಯದನ್ನು ಕಂಡರೆ ಮೆಚ್ಚುವ ಮನಸ್ಸನ್ನು ನಮ್ಮೊಳಗೆ ಇಟ್ಟವನು ದೇವರು. ಬೆಂಥಮ್ ದೇವರನ್ನೂ ಬಿಟ್ಟ, ಆ ಮನಸ್ಸನ್ನೂ ಬಿಟ್ಟ, ಲೆಕ್ಕ ಮಾತ್ರ ಇಟ್ಟುಕೊಂಡ. ನನಗೆ ಇದು ನಷ್ಟ ಅಂತಲೇ ಅನ್ನಿಸುತ್ತದೆ.

ಕೊನೇಬೆಂಚು:
ಸರಿ, ಕಾಂಟ್?

ಹಳೇಕಪಾಟು:
ರೂಸೋ. ನಮಗೆ ನಾವೇ ಹಾಕಿಕೊಂಡ ನಿಯಮಕ್ಕೆ ತಲೆಬಾಗುವುದೇ ಸ್ವಾತಂತ್ರ್ಯ ಅಂತ ಅವನು 1762ರಲ್ಲಿ ಹೇಳಿದ್ದು ಮುಖ್ಯವಾಗಿ ರಾಜಕೀಯದ ಬಗ್ಗೆ. ಕಾಂಟ್ ಅದನ್ನು ಒಬ್ಬೊಬ್ಬ ಮನುಷ್ಯನ ಒಳಗೇ ತಂದು ಕೂರಿಸಿದ. ಕಾಂಟ್ ಬೆಳೆದ ಮನೆಯ ಪಯಟಿಸಂ ಅನ್ನುವ ಕ್ರೈಸ್ತ ಭಕ್ತಿಪಂಥದ ಕಟ್ಟುನಿಟ್ಟೂ ಇದರಲ್ಲಿ ಬೆರೆತಿದೆ ಅಂತ ನನ್ನ ಅನಿಸಿಕೆ.

ಕೊನೇಬೆಂಚು:
ಅಂದರೆ ದೇವರು ಎದ್ದುಹೋದ ಕುರ್ಚಿಯಲ್ಲಿ ಮನುಷ್ಯ ಕೂತ, ಅಷ್ಟೇನಾ?

ನಿಧಾನಓದು:
ಇಂಗ್ಲಿಷ್ ತತ್ವಜ್ಞಾನಿ ಎಲಿಜಬೆತ್ ಆನ್ಸ್‌ಕಂಬ್ 1958ರ ಲೇಖನದಲ್ಲಿ ಎತ್ತಿದ ತಕರಾರು ಹೆಚ್ಚುಕಡಿಮೆ ಇದೇ. ಕಾನೂನು ಕೊಡುವವನನ್ನು ಕೈಬಿಟ್ಟು ಕಾನೂನಿನ ಭಾಷೆ ಮಾತ್ರ ಉಳಿಸಿಕೊಂಡಿದ್ದೀರಿ ಅಂದರು, ತನಗೆ ತಾನೇ ಶಾಸನ ಮಾಡಿಕೊಳ್ಳುವುದು ಅಸಂಬದ್ಧ ಅಂತಲೂ ಅಂದರು. ಕಾಂಟ್ ವಿಷಯದಲ್ಲಿ ಅದು ಸ್ವಲ್ಪ ಅವಸರದ ತೀರ್ಪು. ನನಗೆ ತೋಚಿದ ನಿಯಮ ಅಂತ ಅವನು ಹೇಳುವುದೇ ಇಲ್ಲ, ಎಲ್ಲರಿಗೂ ಒಪ್ಪುವಂಥ ನಿಯಮ ಅನ್ನುತ್ತಾನೆ. ಆನ್ಸ್‌ಕಂಬ್ ಲೇಖನ ಚಿಕ್ಕದು, ಮೊದಲು ಅದನ್ನು ಓದಿ ಜಗಳಕ್ಕೆ ಬನ್ನಿ.