ಅವ್ವನ ಶುಗರ್, ಕಿವುಡು, ಸೋಲುವ ತೋಳು: ಮೂರಕ್ಕೂ ಒಂದೇ ಬೇರೇ?

ಜಮಖಂಡಿಯ ಮಗಳು:
ಅವ್ವನಿಗೆ 52 ವರ್ಷ. 38ಕ್ಕೇ ಸಕ್ಕರೆ ಕಾಯಿಲೆ ಬಂತು. ಮೈತೂಕ 43 ಕಿಲೋ. ಆದರೂ ‘ತೂಕ ಇಳಿಸಿ’ ಎಂಬ ಉಪದೇಶ ತಪ್ಪಿಲ್ಲ. ಒಂದೇ ಸಲಕ್ಕೆ ಇಪ್ಪತ್ತು ರೊಟ್ಟಿ ಬಡಿಯುತ್ತಿದ್ದವಳು ಈಗ ನಾಲ್ಕನೆಯದಕ್ಕೇ ನಿಲ್ಲಿಸಿ, ಹಿಟ್ಟಿನ ಕೈಯನ್ನು ತೊಡೆಯ ಮೇಲೆ ಇಳಿಬಿಟ್ಟು ಕೂರುತ್ತಾಳೆ. ಹೋದ ವರ್ಷ ವಿಜಯಪುರದ ಗೋಳಗುಮ್ಮಟ ಹತ್ತುವಾಗ ಐದು ಕಡೆ ಕುಳಿತಳು. ಮೇಲೆ ಹೋದ ಮೇಲೆ ನನ್ನ ಮಗಳು ‘ಅಜ್ಜೀ’ ಎಂದಳು. ಗುಮ್ಮಟ ಮತ್ತೆ ಮತ್ತೆ ಕರೆಯಿತು, ಅವ್ವ ತಿರುಗಲಿಲ್ಲ. ‘ವಯಸ್ಸಾಯಿತಲ್ಲ’ ಎಂದರು ಒಬ್ಬ ವೈದ್ಯರು, ಚೀಟಿಯಿಂದ ತಲೆ ಎತ್ತದೆ. ಇನ್ಸುಲಿನ್ ಕೊಡುವ ಮೇದೋಜೀರಕ ಗ್ರಂಥಿಗೂ ಸ್ನಾಯುವಿಗೂ ಏನಾದರೂ ಸಂಬಂಧ ಇದೆಯೇ? ಅಂದ ಹಾಗೆ, ಸೋದರಮಾವನಿಗೂ ಶುಗರ್ ಇದೆ, ಕಿವಿಗೆ ಯಂತ್ರ ಹಾಕಿಕೊಳ್ಳುತ್ತಾನೆ.

ಬೆಳಗಾವಿಯ ಮೇಷ್ಟ್ರು:
ಅಕ್ಕಾ, ಕೊನೆಯ ಸಾಲನ್ನೇ ಮೊದಲು ಬರೆಯಬೇಕಿತ್ತು. 1992ರಲ್ಲಿ ನೆದರ್ಲೆಂಡ್ಸ್‌ನ ಒಂದು ಕುಟುಂಬದಲ್ಲಿ ಸಕ್ಕರೆ ಕಾಯಿಲೆ, ಕಿವುಡುತನ ಎರಡೂ ತಾಯಿಯ ಕಡೆಯಿಂದಲೇ ಇಳಿದು ಬರುವುದನ್ನು ಸಂಶೋಧಕರು ಗುರುತಿಸಿದರು. ದೋಷ ಸಿಕ್ಕಿದ್ದು ಮೈಟೊಕಾಂಡ್ರಿಯಾದ ಡಿಎನ್‌ಎಯ 3243ನೇ ಜಾಗದಲ್ಲಿ: ‘ಎ’ ಎಂಬ ಅಕ್ಷರ ಇರಬೇಕಾದಲ್ಲಿ ‘ಜಿ’. ಅದೇ ದೋಷ ಸ್ನಾಯುಗಳನ್ನೂ ಸೋಲಿಸಬಲ್ಲದು.

ಮೈಟೊಕಾಂಡ್ರಿಯಾ ಜೀವಕೋಶದ ಒಲೆ ಎಂದುಕೊಳ್ಳಿ. ಸ್ನಾಯುವಿಗೆ ಅದು ಕಸುವು ಕೊಡುತ್ತದೆ. ಇನ್ಸುಲಿನ್ ಸುರಿಸುವ ಬೀಟಾ ಕೋಶಕ್ಕೆ ಅದು ಸಕ್ಕರೆಯ ಅಳತೆಗೋಲೂ ಹೌದು. ಸಕ್ಕರೆ ಉರಿದು ಎಟಿಪಿ (ಕೋಶ ಬಳಸುವ ಶಕ್ತಿಯ ಕಣ) ಏರಿದಾಗ ಪೊಟ್ಯಾಸಿಯಂ ಕಿಂಡಿ ಮುಚ್ಚುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ಆಮೇಲೆ ಇನ್ಸುಲಿನ್ ಹೊರಬೀಳುತ್ತದೆ. ಒಲೆ ಮಂದವಾದರೆ ರಕ್ತದಲ್ಲಿ ಎಷ್ಟೇ ಸಕ್ಕರೆ ಇರಲಿ, ಆ ಕೋಶಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಗ್ರಂಥಿಯ ಶಕ್ತಿ ಎಷ್ಟು ಉಳಿದಿದೆ ಎಂದು ತಿಳಿಯಲು ಅಧ್ಯಯನಗಳಲ್ಲಿ ಸಿ-ಪೆಪ್ಟೈಡ್ ಅಳೆಯುತ್ತಾರೆ. ಅದು ಮೈಯ ಸ್ವಂತ ಇನ್ಸುಲಿನ್ ಜೊತೆ ಮಾತ್ರ ಬರುತ್ತದೆ, ಸೂಜಿಯ ಇನ್ಸುಲಿನ್‌ನಲ್ಲಿ ಇರುವುದಿಲ್ಲ.

ಬನಹಟ್ಟಿ ಮಗ್ಗದವ:
ಅಷ್ಟು ದೂರ ಯಾಕೆ ಹೋಗುತ್ತೀರಿ ಸರ್? ನಮ್ಮ ಓಣಿಯಲ್ಲಿ ಐವತ್ತು ದಾಟಿದವರಲ್ಲಿ ಅರ್ಧದಷ್ಟು ಜನ ಕಿವುಡರೇ. ಪವರ್‌ಲೂಮ್ ಸದ್ದಿಗೆ ಯಾವ ಡಿಎನ್‌ಎ ಬೇಕು?

ಜಮಖಂಡಿಯ ಮಗಳು:
ಅಣ್ಣಾ, ಅವ್ವ ಮಗ್ಗದ ಮನೆಯ ಹೊಸ್ತಿಲು ತುಳಿದವಳಲ್ಲ. ಮಾವ ಕನ್ನಡ ಶಾಲೆಯ ಮಾಸ್ತರ.

ಬಾಗಲಕೋಟೆಯ ಲ್ಯಾಬಿನವಳು:
ಹಾಗಿದ್ದರೆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ರಕ್ತದ ಪರೀಕ್ಷೆಯೊಂದನ್ನೇ ನಂಬಬೇಡಿ. ಈ ದೋಷದ ಪಾಲು ವಯಸ್ಸಾದಂತೆ ರಕ್ತದಲ್ಲಿ ಇಳಿಯುತ್ತಾ ಹೋಗುತ್ತದೆ, ಮೂತ್ರದಲ್ಲಿ ಬರುವ ಕೋಶಗಳಲ್ಲಿ ಹೆಚ್ಚು ಸ್ಪಷ್ಟವಾಗಿ ಸಿಗುತ್ತದೆ. ರಕ್ತದ ವರದಿ ‘ಇಲ್ಲ’ ಎಂದ ಮಾತ್ರಕ್ಕೆ ಮಾತು ಮುಗಿಯಲಿಲ್ಲ. ಹೃದಯ, ಮೂತ್ರಪಿಂಡ, ಕಣ್ಣು ಮೂರನ್ನೂ ನೋಡಿಸಿ. ಅವ್ವ ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ನುಂಗುತ್ತಾರೆಯೇ? ಈ ಕಾಯಿಲೆ ಇದ್ದವರಲ್ಲಿ ಲ್ಯಾಕ್ಟಿಕ್ ಆಮ್ಲ ಏರುವ ಭಯಕ್ಕೆ ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ. ಆದರೆ ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ಮತ್ತೊಂದು ಮಾತು: ಮೈಟೊಕಾಂಡ್ರಿಯಾ ಮಕ್ಕಳಿಗೆ ಬರುವುದು ತಾಯಿಯಿಂದ, ಹಾಗಾಗಿ ಮಾವನ ಮಕ್ಕಳಿಗೆ ಇದು ಅವರಿಂದ ಹೋಗುವುದಿಲ್ಲ. ಆದರೆ ನೀವು ಅವ್ವನ ಮಗಳು.

ಜಮಖಂಡಿಯ ಮಗಳು:
ಅವ್ವನ ಮಾತ್ರೆ ಡಬ್ಬಿ ತೆರೆದು ನೋಡಿದೆ. ಮೆಟ್‌ಫಾರ್ಮಿನ್ 500, ದಿನಕ್ಕೆ ಎರಡು. ನಾಳೆ ಬೆಳಗಿನ ಬಸ್ಸಿಗೆ ಬೆಳಗಾವಿಗೆ ಹೊರಡುತ್ತೇವೆ, ಮಾವನೂ ಬರುತ್ತಾನೆ. ನನ್ನ ಶುಗರ್ ಒಮ್ಮೆಯೂ ನೋಡಿಸಿಲ್ಲ. ಮಗಳಿಗೆ ಒಂಬತ್ತು ತುಂಬಿತು.