ಗೋಡೆಯ ಮೇಲೆ ನಮ್ಮ ಶ್ಲೋಕವೂ ಬೇಡ

ಎಲ್ಲರಿಗೂ ನಮಸ್ಕಾರ. ನಿನ್ನೆಯಿಂದ ನಡೆಯುತ್ತಿರುವ ಚರ್ಚೆ ಪೂರ್ತಿ ಓದಿದೆ. ನಾವಿರುವ ಟೆಕ್ಸಾಸಿನ ಶಾಲೆಗಳ ಟೆನ್ ಕಮ್ಯಾಂಡ್‌ಮೆಂಟ್ಸ್ (ಬೈಬಲಿನ ಹತ್ತು ಆಜ್ಞೆಗಳ) ಪೋಸ್ಟರ್ ವಿಚಾರದಲ್ಲಿ ನಮ್ಮ ಕನ್ನಡ ಕೂಟದ ಗುಂಪಿನಲ್ಲಿ ಎರಡು ಮಾತು ಜೋರಾಗಿವೆ. "ನಮಗ್ಯಾಕೆ ಊರ ಉಸಾಬರಿ" ಎನ್ನುವವರು ಒಂದು ಕಡೆ. "ಅವರದ್ದು ಇರಲಿ, ಪಕ್ಕದಲ್ಲಿ ಗೀತೆಯ ಶ್ಲೋಕವನ್ನೂ ಹಾಕಿಸೋಣ" ಎನ್ನುವವರು ಇನ್ನೊಂದು ಕಡೆ. ನನಗೆ ಎರಡೂ ಒಪ್ಪಿಗೆಯಿಲ್ಲ.

ಮೊದಲು ಕಾನೂನಿನಲ್ಲಿ ಏನಿದೆ ನೋಡಿ. 2025ರ ಜೂನ್‌ನಲ್ಲಿ ಗವರ್ನರ್ ಅಬಾಟ್ ಸಹಿ ಹಾಕಿದ ಎಸ್‌ಬಿ 10 ಎಂಬ ಕಾಯ್ದೆಯ ಪ್ರಕಾರ ಸರ್ಕಾರಿ ಶಾಲೆಯ ಪ್ರತಿ ಕ್ಲಾಸ್‌ರೂಮಿನಲ್ಲೂ ಕನಿಷ್ಠ 16 ಇಂಚು ಅಗಲ, 20 ಇಂಚು ಎತ್ತರದ ಪೋಸ್ಟರ್ ಇರಬೇಕು, ಕೋಣೆಯ ಎಲ್ಲಿ ಕೂತರೂ ಓದಲು ಬರಬೇಕು. ಒಕ್ಕಣೆಯನ್ನೂ ಕಾನೂನೇ ಬರೆದುಕೊಟ್ಟಿದೆ. ನನ್ನನ್ನು ಬಿಟ್ಟು ನಿನಗೆ ಬೇರೆ ದೇವರಿರಬಾರದು, ವಿಗ್ರಹ (ಗ್ರೇವನ್ ಇಮೇಜ್) ಮಾಡಿಕೊಳ್ಳಬಾರದು ಎಂಬ ಆಜ್ಞೆಗಳು ಮೇಲೆಯೇ ಇವೆ. ನಾಲ್ಕನೇ ಕ್ಲಾಸಿನ ನನ್ನ ಮಗಳು ಇದನ್ನು ವೈಟ್‌ಬೋರ್ಡ್ ಪಕ್ಕ ಓದಿ ಬಂದಳು. ಕನ್ನಡ ಶಾಲೆಯಲ್ಲಿ ತಾನೇ ಜೇಡಿಮಣ್ಣಿನಲ್ಲಿ ಮಾಡಿದ್ದ ಗಣಪತಿಯನ್ನು ಕೈಗೆತ್ತಿಕೊಂಡು, "ಅಮ್ಮಾ, ಗ್ರೇವನ್ ಇಮೇಜ್ ಅಂದ್ರೆ ಇದೇನಾ? ಮಾಡಿದ್ದು ತಪ್ಪಾ?" ಅಂದಳು. ಒಣಗಿ ಬಿರುಕುಬಿಟ್ಟಿದ್ದ ಸೊಂಡಿಲಿಗೆ ಗೋಂದು ಹಚ್ಚಿ ಜೋಪಾನ ಮಾಡಿದ್ದ ಗಣಪತಿ ಅದು. ಅವಳ ಟೀಚರ್ ಒಳ್ಳೆಯವರು, ಪೋಸ್ಟರ್ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಆದರೆ ಒಂಬತ್ತು ವರ್ಷದ ಮಗುವಿಗೆ ಕ್ಲಾಸಿನ ಗೋಡೆಯ ಮೇಲಿರುವುದೆಲ್ಲ ಟೀಚರ್ ಹೇಳಿದ ಹಾಗೆಯೇ. ಹಾಗಾಗಿ ಇದು ಊರ ಉಸಾಬರಿಯಲ್ಲ, ನಮ್ಮ ಮನೆಯದೇ ವಿಚಾರ.

ಇದು ಕ್ರೈಸ್ತರ ವಿರುದ್ಧದ ಜಗಳವೂ ಅಲ್ಲ. ಪೋಸ್ಟರ್ ವಿರುದ್ಧ ಕೋರ್ಟಿಗೆ ಹೋದ ಮನೆಗಳಲ್ಲಿ ಹಿಂದೂ, ಯಹೂದಿಗಳ ಜೊತೆ ಕ್ರೈಸ್ತರೂ ಇದ್ದಾರೆ. 2025ರ ಆಗಸ್ಟಿನಲ್ಲಿ ಸ್ಯಾನ್ ಆಂಟೋನಿಯೋದ ಫೆಡರಲ್ ನ್ಯಾಯಾಧೀಶರು ಕೆಲವು ಶಾಲಾ ಡಿಸ್ಟ್ರಿಕ್ಟ್‌ಗಳಲ್ಲಿ ತಡೆ ಕೊಟ್ಟದ್ದು ಇಂಥವರ ಅರ್ಜಿಯ ಮೇಲೆಯೇ. ನಮ್ಮದೇ ರಾಜ್ಯದ ಸಾಂಟಾ ಫೇ ಊರಿನಲ್ಲಿ ಫುಟ್‌ಬಾಲ್ ಪಂದ್ಯಕ್ಕೆ ಮುಂಚೆ ಶಾಲೆಯ ಮೈಕಿನಲ್ಲಿ ಪ್ರಾರ್ಥನೆ ಹೇಳಿಸುತ್ತಿದ್ದರು. ಅದನ್ನು 2000ದಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿತು. ದಾವೆ ಹೂಡಿದ್ದು ಒಂದು ಕ್ಯಾಥೊಲಿಕ್ ಮನೆ, ಒಂದು ಮಾರ್ಮನ್ ಮನೆ.

ಇನ್ನು ಗೀತೆಯ ಶ್ಲೋಕ. ದಯವಿಟ್ಟು ಆ ದಾರಿ ಬೇಡ. ನಮ್ಮ ಕನ್ನಡ ಕೂಟದಲ್ಲೇ ಲಿಂಗಾಯತರಿದ್ದಾರೆ, ಜೈನರಿದ್ದಾರೆ, ಮಂಗಳೂರಿನ ಕ್ಯಾಥೊಲಿಕರಿದ್ದಾರೆ, ಬ್ಯಾರಿಗಳಿದ್ದಾರೆ. ಗೀತೆ ಹಾಕುವುದೋ, ವಚನ ಹಾಕುವುದೋ? ಅದನ್ನು ತೀರ್ಮಾನಿಸುವವರು ಯಾರು, ಸ್ಕೂಲ್ ಬೋರ್ಡಿನವರೇ? ಮಗಳಿಗೆ ನಾನು ಮನೆಯಲ್ಲಿ ಗೀತೆ ಹೇಳಿಕೊಡುತ್ತೇನೆ. ಅದನ್ನು ಪಕ್ಕದ ಬೆಂಚಿನ ಮಗುವಿಗೆ ಶಾಲೆಯ ಅಧಿಕಾರದಿಂದ ಓದಿಸುವುದು ನನಗೆ ಬೇಡ.

ಶಾಲೆ ಧರ್ಮಬೋಧನೆ ಮಾಡುತ್ತಿದೆಯೇ ಎಂಬ ಇದೇ ಪರೀಕ್ಷೆಗೆ ನಮ್ಮದೇ ಒಂದು ವಿದ್ಯೆ ನಿಂತದ್ದಿದೆ. ಕ್ಯಾಲಿಫೋರ್ನಿಯಾದ ಎನ್ಸಿನಿಟಾಸ್ ಶಾಲೆಗಳಲ್ಲಿ ಮೈಸೂರಿನ ಯೋಗಗುರು ಪಟ್ಟಾಭಿ ಜೋಯಿಸರ ಹೆಸರಿನ ಫೌಂಡೇಶನ್ 5 ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ಯೋಗ ಕ್ಲಾಸು ಶುರುಮಾಡಿಸಿತ್ತು. ಇದು ಹಿಂದೂ ಧರ್ಮಬೋಧನೆ ಎಂದು ಪೋಷಕ ದಂಪತಿ ಕೋರ್ಟಿಗೆ ಹೋದರು. ಶಾಲೆಯವರು ಸಂಸ್ಕೃತ ಹೆಸರುಗಳನ್ನು ತೆಗೆದರು, ಪದ್ಮಾಸನ "ಕ್ರಿಸ್-ಕ್ರಾಸ್ ಆಪಲ್‌ಸಾಸ್" (ಚಕ್ಕಳಮಕ್ಕಳ ಕೂರುವುದಕ್ಕೆ ಇಲ್ಲಿನ ಮಕ್ಕಳ ಮಾತು) ಆಯಿತು. ಯೋಗದ ಬೇರು ಧಾರ್ಮಿಕವೇ ಆದರೂ ಈ ಕ್ಲಾಸಿನಲ್ಲಿ ಧರ್ಮಬೋಧನೆ ಇಲ್ಲ ಎಂದು 2013ರಲ್ಲಿ ತೀರ್ಪಾಯಿತು, 2015ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹೆಸರು ತೆಗೆದದ್ದಕ್ಕೆ ನನಗೆ ಈಗಲೂ ಸಂಕಟವಿದೆ. ಆದರೂ ನಮ್ಮದನ್ನು ತೂಗಿದ ತಕ್ಕಡಿಯಲ್ಲೇ ಅವರದ್ದನ್ನೂ ತೂಗಿ ಎಂದು ಕೇಳುವ ಹಕ್ಕು ನಮಗಿದೆ.

ಶಾಲೆ ಹೇರುವುದು ಬೇರೆ, ಮಗು ತಾನಾಗಿ ಪಾಲಿಸುವುದು ಬೇರೆ. ನಮ್ಮ ಮಗ ಊಟಕ್ಕೆ ಮುಂಚೆ ಕಣ್ಣುಮುಚ್ಚಿ ಕೈಮುಗಿಯಬಹುದು, ವಿಭೂತಿ ಹಚ್ಚಿಕೊಂಡು ಹೋಗಬಹುದು. ಒಬ್ಬರು ಉಡುಪಿಯ ಹಿಜಾಬ್ ವಿಷಯ ತೆಗೆದು, ಇಲ್ಲಿಯೂ ಅದನ್ನು ನಿಲ್ಲಿಸಬೇಕು ಅಂದಿದ್ದೀರಿ. ಅಣ್ಣಾ, 2025ರ ಸಿಇಟಿಯಲ್ಲಿ ಬೀದರಿನ ಹುಡುಗನಿಗೆ ಜನಿವಾರದ ಕಾರಣಕ್ಕೆ ಗಣಿತ ಪರೀಕ್ಷೆ ತಪ್ಪಿದಾಗ ಇದೇ ಗುಂಪಿನಲ್ಲಿ ಎಷ್ಟು ಜನ ಹೊಟ್ಟೆ ಉರಿಸಿಕೊಂಡಿರಿ! ಓಕ್ಲಹೋಮಾದ ಮಸ್ಕೋಗಿಯಲ್ಲಿ ಆರನೇ ಕ್ಲಾಸಿನ ಹುಡುಗಿಯನ್ನು ಹಿಜಾಬಿಗಾಗಿ ಶಾಲೆ ಅಮಾನತು ಮಾಡಿದಾಗ ಅಮೆರಿಕದ ನ್ಯಾಯ ಇಲಾಖೆಯೇ ಅವಳ ಪರ ನಿಂತಿತು, 2004ರಲ್ಲಿ ಡಿಸ್ಟ್ರಿಕ್ಟ್ ಒಪ್ಪಂದಕ್ಕೆ ಬಂತು. ಅವಳ ಹಿಜಾಬಿಗೆ ಸಿಕ್ಕ ರಕ್ಷಣೆಯೇ ನಮ್ಮ ಹುಡುಗರ ಜನಿವಾರಕ್ಕೂ, ಇಷ್ಟಲಿಂಗದ ಕರಡಿಗೆಗೂ ಇರುವುದು. ಒಂದನ್ನು ಬಿಡಿಸಿ ಇನ್ನೊಂದನ್ನು ಉಳಿಸಿಕೊಳ್ಳಲು ಆಗುವುದಿಲ್ಲ.

ಹೊಸದಾಗಿ ಬಂದವರಿಗೆ ಇನ್ನೊಂದು ವಿಷಯ. ಟೆಕ್ಸಾಸಿನಲ್ಲಿ ಧಾರ್ಮಿಕ ಹಬ್ಬಕ್ಕೆ ರಜೆ ಕೇಳಿದರೆ ಶಾಲೆ ಕೊಡಲೇಬೇಕು, ತಪ್ಪಿದ ಪಾಠ, ಪರೀಕ್ಷೆ ಮುಗಿಸಲು ಸಮಯವನ್ನೂ ಕೊಡಬೇಕು. ಯುಗಾದಿಗೆ, ಗೌರಿ-ಗಣೇಶಕ್ಕೆ "ಜ್ವರ" ಎಂದು ಸುಳ್ಳು ಬರೆಯಬೇಡಿ, ಮಕ್ಕಳು ನೋಡುತ್ತಿರುತ್ತಾರೆ. ಹಬ್ಬದ ಹೆಸರನ್ನೇ ಬರೆದು ಮುಂಚಿತವಾಗಿ ಅಟೆಂಡೆನ್ಸ್ ಆಫೀಸಿಗೆ ಕಳಿಸಿ. ದೀಪಾವಳಿಗೆ ಕ್ಲಾಸಿಗೆ ಕರೆದರೆ ಹೋಗಿ, ಹಣತೆ ತೋರಿಸಿ, ಕಥೆ ಹೇಳಿ. ಮಕ್ಕಳ ಕೈಯಲ್ಲಿ ಆರತಿ ಮಾತ್ರ ಎತ್ತಿಸಬೇಡಿ.

ಪೋಸ್ಟರ್ ಬಗ್ಗೆ ಬೋರ್ಡ್ ಮೀಟಿಂಗಿನಲ್ಲಿ ಮಾತಾಡಲು ನಾನು ಹೆಸರು ಕೊಡುತ್ತೇನೆ. ಜೊತೆಗೆ ಬರುವವರು ತಿಳಿಸಿ. ರಜೆ ಪತ್ರದ ಕರಡು ಬೇಕಾದವರೂ ಕೇಳಿ, ಕಳಿಸುತ್ತೇನೆ.